ಹಗೇವಿನ ರಾಗಿ

ದಿಂಬಂ ಘಟ್ಟದ 27 ತಿರುವುಗಳಲ್ಲಿ ಲಾರಿಯೊಂದು ಅಡ್ಡ ನಿಂತರೆ ನಮ್ಮ ತಾಳವಾಡಿಗೆ ಸತ್ಯಮಂಗಲದ ಸಾಮಾನು ಬಾರದು. 2020ರಲ್ಲಿ ಕೊರೋನಾ ನಿಮಿತ್ತ ಚಾಮರಾಜನಗರದ ಕಡೆಯ ಗಡಿಯೂ ಬಿಗಿಯಾಯಿತು. ಆಗ ನಮಗೆ ನೆನಪಾದುದು ಹಿರಿಯರ ಹಗೇವು.

ನೆಲದೊಳಗಿನ ಆ ಕಣಜದ ಬಾಯಿ ಕಿರಿದು, ಒಡಲು ಹಿರಿದು. ಸುತ್ತಲೂ ಹುಲ್ಲಿಟ್ಟು, ಚೆನ್ನಾಗಿ ಒಣಗಿದ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು, ಹುಳುಗಳ ಉಸಿರಿನಿಂದಲೇ ಒಳಗಿನ ಆಮ್ಲಜನಕ ತೀರಿ ಹುಳು ಬದುಕದು. ರಾಗಿ ವರ್ಷಗಟ್ಟಲೆ ಕೆಡದು. ಆದರೆ ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಬಾಯಿ ತೆರೆದು ಬಹುಕಾಲ ಬಿಡಬೇಕು. ಇಳಿಬಿಟ್ಟ ದೀಪ ನಂದಿದರೆ ಯಾರೂ ಇಳಿಯಬಾರದು, ಉರಿದರೂ ಸೊಂಟಕ್ಕೆ ಹಗ್ಗವಿಲ್ಲದೆ ಇಳಿಯಬಾರದು.

ಈಗ ಹೊಲಗಳಲ್ಲಿ ಕೋಸು, ಅರಿಸಿನ, ಬಾಳೆ. ಹಣದ ಬೆಳೆಯನ್ನು ನಾವು ಹಳಿಯೆವು; ಮಕ್ಕಳ ಓದು ನಡೆಯುವುದು ಅದರಿಂದಲೇ. ಬೆಲೆ ಬಿದ್ದ ವಾರ ಕೋಸನ್ನು ವಾಡೆಯಲ್ಲಿ ತುಂಬಿಡಲಾದೀತೆ? ಮುಂದಿನ ಸುಗ್ಗಿಯವರೆಗಿನ ರಾಗಿಯನ್ನು ವಾಡೆಗೆ ಸುರಿದು, ಮಿಕ್ಕುದನ್ನಷ್ಟೇ ಮಾರುವ ಮನೆಗಳು ನಮ್ಮಲ್ಲಿ ಇನ್ನೂ ಕೆಲವಿವೆ.