ಜನರ ಚರಿತ್ರೆ ಬರೆದ ಸಾಕಿ

ಗೋಕಾಕ ಸೀಮೆಯ ಮಮದಾಪುರದಂಥ ಊರಿನಲ್ಲಿ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ‘ನಿಮ್ಮೂರ ಇತಿಹಾಸ ಹೇಳ್ರಿ’ ಎಂದು ಕೇಳಿ ನೋಡಿ. ಅವರು ಚಾಲುಕ್ಯರಿಂದ ಆರಂಭಿಸುವುದಿಲ್ಲ. ಬರ ಬಿದ್ದ ವರ್ಷ, ಹೊಲ ಒತ್ತೆ ಇಟ್ಟ ಮನೆತನ, ಬಾವಿ ತೋಡಿದವರು, ಕಾಲುವೆಗೆ ನೀರು ಬಂದ ದಿನ ಇವುಗಳಿಂದ ಮಾತು ಶುರುವಾಗುತ್ತದೆ. ಶಾಲೆಯ ಪುಸ್ತಕದಲ್ಲಿರುವ ಇತಿಹಾಸವೇ ಬೇರೆ, ಕಟ್ಟೆಯ ಮೇಲಿನ ಇತಿಹಾಸವೇ ಬೇರೆ. ಈ ಎರಡರ ನಡುವಿನ ಕಂದಕವನ್ನು ತುಂಬಲು ಹೊರಟ ಒಬ್ಬ ಕನ್ನಡಿಗನ ಬದುಕು ಮಲೆನಾಡಿನ ಕಾಡಿನಲ್ಲಿ ಗುಂಡೇಟಿಗೆ ಕೊನೆಗೊಂಡಿತು. ಅವರೇ ಸಾಕೇತ್ ರಾಜನ್.

ಪತ್ರಿಕೆ ಓದುವವರಿಗೆ ಈ ಹೆಸರು ಪರಿಚಯವಾದದ್ದು ನಕ್ಸಲೀಯ ನಾಯಕನೆಂದು. ಆದರೆ ‘ಸಾಕಿ’ ಎಂಬ ಹೆಸರಿನಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ‘ಮೇಕಿಂಗ್ ಹಿಸ್ಟರಿ’ ಎಂಬ ಎರಡು ಸಂಪುಟಗಳ ಗ್ರಂಥವಿದೆ ಎಂಬುದು ಬಹಳ ಜನಕ್ಕೆ ತಿಳಿಯದು. ಕರ್ನಾಟಕದ ಜನ ಮತ್ತು ಅವರ ಗತಕಾಲ ಎಂಬುದು ಆ ಗ್ರಂಥದ ವಸ್ತು. ಮೊದಲ ಸಂಪುಟ 1998ರಲ್ಲಿಯೂ ಎರಡನೆಯದು 2004ರಲ್ಲಿಯೂ ಹೊರಬಂದವು.

ಮೈಸೂರಿನವರಾದ ಸಾಕೇತ್ ಸೇನಾಧಿಕಾರಿಯೊಬ್ಬರ ಮಗ. ದಿಲ್ಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಓದಿದವರು. ಒಳ್ಳೆಯ ನೌಕರಿ, ನಗರದ ನೆಮ್ಮದಿ ಎರಡೂ ಕೈಗೆಟಕುವಂತಿದ್ದವು. ಅವನ್ನು ಬಿಟ್ಟು ಅವರು ಎಡಪಂಥದ ಭೂಗತ ಚಳವಳಿ ಸೇರಿದರು. ಪತ್ನಿ ರಾಜೇಶ್ವರಿಯವರೂ ಅದೇ ದಾರಿಯಲ್ಲಿದ್ದವರು. 2001ರಲ್ಲಿ ಆಂಧ್ರಪ್ರದೇಶದಲ್ಲಿ ಅವರು ಪೊಲೀಸರ ಗುಂಡಿಗೆ ಬಲಿಯಾದರು.

ಸಾಕೇತ್ ಹಿಡಿದ ಅಧ್ಯಯನದ ದಾರಿ ನಮ್ಮ ದೇಶಕ್ಕೆ ಹೊಸದೇನಲ್ಲ. ಅದನ್ನು ತೆರೆದವರು ಗೋವೆಯಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೊಸಾಂಬಿ (1907-1966). ಕೊಸಾಂಬಿ ವೃತ್ತಿಯಿಂದ ಗಣಿತಜ್ಞರು. ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ಅವರು ಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದರು. ನಾಣ್ಯ ಕೈಯಿಂದ ಕೈಗೆ ಓಡಾಡಿದಷ್ಟೂ ಸವೆಯುತ್ತದೆ. ಒಂದೇ ನಿಧಿಯಲ್ಲಿ ಸಿಕ್ಕ ನಾಣ್ಯಗಳ ಗುಂಪುಗಳಲ್ಲಿ ಯಾವುದರ ಸರಾಸರಿ ತೂಕ ಹೆಚ್ಚು ಇಳಿದಿದೆಯೋ ಅದು ಹೆಚ್ಚು ಕಾಲ ಚಲಾವಣೆಯಲ್ಲಿದ್ದದ್ದು, ಅಂದರೆ ಹೆಚ್ಚು ಹಳೆಯದು. ಯಾವ ರಾಜನ ಪ್ರಶಸ್ತಿಯೂ ಹೇಳದ ಮಾತನ್ನು ಸಂತೆಯಲ್ಲಿ ಬೆಳ್ಳಿ ಎಣಿಸಿದ ಅನಾಮಿಕರ ಬೆರಳುಗಳು ಹೇಳಿದವು. ರಾಜರ ಹೆಸರಿನ ಪಟ್ಟಿಗಿಂತ, ಜನ ಏನು ಬೆಳೆದರು, ಯಾವ ಉಪಕರಣ ಬಳಸಿದರು, ಬೆಳೆದದ್ದರಲ್ಲಿ ಎಷ್ಟನ್ನು ಯಾರು ಒಯ್ದರು ಎಂಬುದೇ ಚರಿತ್ರೆಯ ತಿರುಳು ಎಂದು ಕೊಸಾಂಬಿ ವಾದಿಸಿದರು.

ಈ ಪ್ರಶ್ನೆಗಳನ್ನು ಕರ್ನಾಟಕಕ್ಕೆ ಹಾಕಿದ್ದು ಸಾಕಿಯವರ ಮೊದಲ ಸಂಪುಟ. ಶಿಲಾಯುಗದಿಂದ ಹೊರಟು ವ್ಯಾಪಾರಿ ಬಂಡವಾಳದ ಕಾಲದವರೆಗೆ ಅದು ಸಾಗುತ್ತದೆ. ಕಲ್ಲಿನ ಕೊಡಲಿ, ಕಬ್ಬಿಣದ ಗುಳ, ಕೆರೆ, ಅಗ್ರಹಾರ, ತೆರಿಗೆ ಇವೇ ಅಲ್ಲಿನ ಪಾತ್ರಗಳು. ಶಾಸನದಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ; ದಾನವಾದ ಹೊಲವನ್ನು ಉಳುತ್ತಿದ್ದವನ ಹೆಸರು ಇರುವುದಿಲ್ಲ. ಆ ಹೆಸರಿಲ್ಲದವನನ್ನು ಹುಡುಕುವುದೇ ಇಂಥ ಚರಿತ್ರೆಯ ಕೆಲಸ.

ಬೆಳಗಾವಿ, ಬಾಗಲಕೋಟೆ ಭಾಗದವರಿಗೆ ಹೆಚ್ಚು ಹತ್ತಿರವಾಗುವುದು ಎರಡನೆಯ ಸಂಪುಟ. 1800ರಿಂದ 1857ರವರೆಗೆ ಕಂಪನಿ ಸರಕಾರದ ಆಘಾತ ಮತ್ತು ಅದರ ವಿರುದ್ಧದ ಸಶಸ್ತ್ರ ಹೋರಾಟ ಅದರ ವಿಷಯ. ಕಿತ್ತೂರಿನ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು, 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಆದರೆ ಕೋಟೆ ಬಿದ್ದು, ರಾಣಿ ಸೆರೆಯಾದ ಮೇಲೂ ಹೋರಾಟ ನಿಲ್ಲಲಿಲ್ಲವೇಕೆ? ಸಂಗೊಳ್ಳಿ ರಾಯಣ್ಣ ಅರಸುಮನೆತನದವನಲ್ಲ, ಶೇತಸನದಿ. ಊರ ಚಾಕರಿಗೆ ಪ್ರತಿಯಾಗಿ ಹೊಲ ಉಂಡವನು. ಹೊಸ ಸರಕಾರದ ಕಂದಾಯದ ಲೆಕ್ಕ ಇಂಥವರ ಹೊಲಕ್ಕೇ ಕೈ ಹಾಕಿತು. ರಾಯಣ್ಣನ ದಂಡು 1830ರಲ್ಲಿ ಬೀಡಿಯ ಕಚೇರಿಗೆ ಬೆಂಕಿ ಇಟ್ಟದ್ದು ಸುಮ್ಮನೆ ಅಲ್ಲ. ರೈತನ ಸಾಲ, ಬಾಕಿ, ಜಪ್ತಿ ಎಲ್ಲವೂ ಇದ್ದದ್ದು ಅಂಥ ಕಚೇರಿಯ ಕಾಗದಗಳಲ್ಲಿ. ಮುಂದಿನ ವರ್ಷ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಅದೇ ಹೊತ್ತಿಗೆ ನಗರ ಸೀಮೆಯಲ್ಲಿಯೂ ರೈತರು ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದ್ದರು. ಎರಡೂ ಬೇರೆಬೇರೆ ಘಟನೆಗಳೆಂದು ಓದುವುದು ರಾಜರ ಚರಿತ್ರೆ; ಎರಡರ ಹಿಂದಿನ ಕಂದಾಯದ ಹೊರೆಯನ್ನು ಕಾಣುವುದು ಜನರ ಚರಿತ್ರೆ.

ಗೋಕಾಕದಿಂದ ಮೂಡಣಕ್ಕೆ ಮುಧೋಳ ಸೀಮೆಯ ಹಲಗಲಿ ಇದೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂದು ಸರಕಾರ ಆಜ್ಞೆ ಹೊರಡಿಸಿದಾಗ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವನಿಗೆ ಆಯುಧ ಕೊಡುವುದೆಂದರೆ ಅನ್ನ ಕೊಟ್ಟ ಹಾಗೆ. ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಗೆ ಗಲ್ಲಾಯಿತು. ವಿಚಿತ್ರವೆಂದರೆ, ಈ ಬಂಡಾಯದ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಹಾಡಿದ ಹಳ್ಳಿಗರು ನೆನಪಿಟ್ಟರು, ಆಳಿದವರ ಕಡೆಯವನು ದಾಖಲಿಸಿದ. ನಮ್ಮ ಪಠ್ಯಪುಸ್ತಕಗಳು ಮಾತ್ರ ಬಹುಕಾಲ ಅದಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಕೊಡಲಿಲ್ಲ.

ಇಷ್ಟು ಒಪ್ಪಿದ ಮೇಲೂ ಸಾಕಿಯವರ ಬರವಣಿಗೆಯಲ್ಲಿ ತಕರಾರಿಗೆ ಜಾಗವಿದೆ. ಪ್ರಯೋಗಕ್ಕೆ ಮೊದಲೇ ಫಲಿತಾಂಶ ನಿಶ್ಚಯಿಸಿಕೊಂಡರೆ ಅಳತೆ ಎಷ್ಟೇ ನಿಖರವಾಗಿದ್ದರೂ ಪ್ರಯೋಗ ಕೆಡುತ್ತದೆ. ಬಂಡಾಯಗಳ ಸಾಲನ್ನು ಜೋಡಿಸುವಾಗ ಅವರ ಕಣ್ಣು ಗತಕಾಲದ ಮೇಲೆ ಎಷ್ಟಿತ್ತೋ ತಾವೇ ನಡೆಸುತ್ತಿದ್ದ ಹೋರಾಟದ ಮೇಲೂ ಅಷ್ಟೇ ಇತ್ತು. ಜಾತಿ, ಭಕ್ತಿ, ಒಡೆಯನ ಮೇಲಿನ ನಿಷ್ಠೆ ಇವೂ ಜನರನ್ನು ಕಣಕ್ಕಿಳಿಸುತ್ತವೆ; ಎಲ್ಲವನ್ನೂ ವರ್ಗಹೋರಾಟದ ಒಂದೇ ತಕ್ಕಡಿಯಲ್ಲಿ ತೂಗಲಾಗದು. 1830ರ ಬಂದೂಕಿನಿಂದ 2004ರ ಬಂದೂಕಿಗೆ ನೇರ ಗೆರೆ ಎಳೆಯುವುದಂತೂ ಇನ್ನೂ ಕಷ್ಟ. ನಡುವೆ ಮತದಾನ, ಭೂಸುಧಾರಣೆ, ನ್ಯಾಯಾಲಯ, ರೈತ ಸಂಘ ಎಲ್ಲವೂ ಬಂದುಹೋಗಿವೆ.

ಆ ಗೆರೆಯ ಬೆಲೆಯನ್ನು ಅನೇಕರು ತೆತ್ತರು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಭಯದಲ್ಲಿದ್ದ ಗಿರಿಜನರ ನಡುವೆ ಚಳವಳಿ ಬೇರು ಬಿಡುತ್ತಿತ್ತು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2004ರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಕಾಡಿಗೆ ಹೋಗಿ ಸಾಕೇತ್‌ರನ್ನು ಸಂದರ್ಶಿಸಿದರು. ಮಾತುಕತೆಯ ದಾರಿ ತೆರೆಯಲು ನಾಗರಿಕರು ಯತ್ನಿಸಿದರು. ಅದು ಫಲಿಸುವ ಮುನ್ನವೇ 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಸಮೀಪ ಸಾಕೇತ್ ಹತರಾದರು. ಪೊಲೀಸರು ಅದನ್ನು ಮುಖಾಮುಖಿ ಕಾಳಗವೆಂದರು, ಮಾನವ ಹಕ್ಕುಗಳ ಕಾರ್ಯಕರ್ತರು ಒಪ್ಪಲಿಲ್ಲ. ನಾಲ್ಕೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಶಿಬಿರದ ಮೇಲೆ ನಕ್ಸಲೀಯರ ದಾಳಿ ನಡೆಯಿತು. ಅಲ್ಲಿ ಸತ್ತ ಪೇದೆಗಳೂ ದುಡಿದು ತಿನ್ನುವ ಮನೆಗಳ ಮಕ್ಕಳೇ. ಜನರ ಚರಿತ್ರೆ ಬರೆಯುವವರು ಅವರ ಹೆಸರನ್ನೂ ಬರೆಯಬೇಕಾಗುತ್ತದೆ. 2025ರ ಜನವರಿಯಲ್ಲಿ ಆರು ಮಂದಿ ಬಂದೂಕು ಬಿಟ್ಟು ಸರಕಾರಕ್ಕೆ ಶರಣಾದರು.

ಸಾಕಿಯವರ ಗ್ರಂಥ 1857ಕ್ಕೆ ನಿಂತಿತು. ಗೋಕಾಕ ಸೀಮೆಯ ಮಟ್ಟಿಗೆ ದೊಡ್ಡ ಕಥೆ ಅಲ್ಲಿಂದ ಮುಂದೆಯೇ ಇದೆ. ಧುಮುಕುವ ಘಟಪ್ರಭೆಯ ಪಕ್ಕದಲ್ಲಿ 1887ರಲ್ಲಿ ನೂಲಿನ ಗಿರಣಿ ತಿರುಗತೊಡಗಿತು. ಹೊಲ ಬಿಟ್ಟು ಗಿರಣಿಯ ಭೋಂಗಾಕ್ಕೆ ಎದ್ದವರ ಮೊದಲ ತಲೆಮಾರು ಹೇಗೆ ಬದುಕಿತು? ಹಿಡಕಲ್ ಅಣೆಕಟ್ಟಿನ ನೀರು ಕೆಳಗಿನ ಹೊಲಗಳಿಗೆ ಕಬ್ಬು ಕೊಟ್ಟಿತು. ಮುಳುಗಿದ ಊರುಗಳ ಜನ ಎಲ್ಲೆಲ್ಲಿ ಹೋಗಿ ಒಲೆ ಹೂಡಿದರು? ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಗುಡಿಯ ಸುತ್ತ ಇದ್ದ ಮನೆಗಳ ಮಾತು ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇದನ್ನು ಬರೆಯಲು ಕಾಡು ಸೇರಬೇಕಿಲ್ಲ, ಬಂದೂಕು ಹಿಡಿಯಬೇಕಿಲ್ಲ. ಒಂದು ವಹಿ, ಒಂದು ಲೇಖನಿ ಸಾಕು. ಮಮದಾಪುರದ ಕಟ್ಟೆಯ ಮೇಲೆ ಹಿರಿಯರು ಇನ್ನೂ ಕುಳಿತಿರುವಾಗಲೇ ಯಾರಾದರೂ ಹೋಗಿ ಕೇಳಬೇಕು.