ಗಂಟಲಿನ ದ್ವಾರಪಾಲಕರು

“ಅಮ್ಮನವರೇ, ನಮ್ಮ ಹುಡುಗಿಗೆ ಟಾನ್ಸಿಲ್ ಆಗಿದೆ, ಎರಡು ದಿನ ರಜೆ ಕೊಡಿರಿ” ಎಂಬ ಮಾತನ್ನು ಮಳೆಗಾಲದಲ್ಲಿ ನಾನು ಪದೇ ಪದೇ ಕೇಳುತ್ತೇನೆ. ವಾಸ್ತವವಾಗಿ ಟಾನ್ಸಿಲ್ ಎಂಬುದು ರೋಗದ ಹೆಸರಲ್ಲ. ಹುಟ್ಟಿನಿಂದಲೇ ಎಲ್ಲರ ಗಂಟಲಿನಲ್ಲಿಯೂ ಇರುವ ಅವಯವದ ಹೆಸರು. ಅದರ ರಚನೆಯನ್ನೂ ಬೆಳವಣಿಗೆಯನ್ನೂ ತಾಯಂದಿರು ಅರಿತುಕೊಂಡರೆ ಅನಾವಶ್ಯಕವಾದ ಭಯವೂ ಅಪಾಯಕರವಾದ ಉದಾಸೀನತೆಯೂ ದೂರವಾಗುವುವು.

ಮಗುವನ್ನು ಬೆಳಕಿಗೆ ಎದುರಾಗಿ ಕುಳ್ಳಿರಿಸಿ “ಆ” ಎನ್ನಿಸಿರಿ. ನಡುವೆ ಕಿರುನಾಲಗೆಯು ತೂಗುತ್ತಿರುವುದು ಕಾಣುವುದು. ಅದರ ಇಕ್ಕೆಲಗಳಲ್ಲಿ ಮೃದುವಾದ ಅಂಗುಳಿನಿಂದ ಎರಡೆರಡು ಮಡಿಕೆಗಳು ಕಮಾನಿನಂತೆ ಕೆಳಗಿಳಿಯುವುವು. ಮುಂದಿನದು ನಾಲಗೆಗೂ ಹಿಂದಿನದು ಗಂಟಲಿನ ಗೋಡೆಗೂ ಸೇರುವುದು. ಇವೆರಡರ ನಡುವಣ ಗುಳಿಯಲ್ಲಿ ಬಾದಾಮಿಯಾಕಾರದ ಟಾನ್ಸಿಲ್ ನೆಲೆಸಿರುವುದು. ಅದರ ಮೇಲ್ಮೈಯಲ್ಲಿ ಹತ್ತಿಪ್ಪತ್ತು ಸಣ್ಣ ರಂಧ್ರಗಳಿರುವುವು. ಇವು ಒಳಕ್ಕೆ ಕವಲೊಡೆದು ಹೋಗುವ ಕಿರುಬಿಲಗಳ ಬಾಯಿಗಳು. ಟಾನ್ಸಿಲಿನ ಹೊರಮಗ್ಗುಲನ್ನು ಗಟ್ಟಿಯಾದ ಪೊರೆಯೊಂದು ಆವರಿಸಿದೆ.

ಇದೇ ಜಾತಿಯ ಅಂಗಾಂಶವು ನಾಲಗೆಯ ಬುಡದಲ್ಲಿಯೂ, ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಹೆಸರಿನಿಂದಲೂ, ಕಿವಿಯಿಂದ ಬರುವ ನಾಳಗಳ ಬಾಯಿಯ ಬಳಿಯೂ ಇದ್ದು, ಎಲ್ಲವೂ ಸೇರಿ ಉಂಗುರದಂತಾಗಿವೆ. 1884ರಲ್ಲಿ ಇದನ್ನು ವರ್ಣಿಸಿದ ಜರ್ಮನ್ ವಿದ್ವಾಂಸ ವಾಲ್ಡೈಯರನ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ.

ಗರ್ಭಸ್ಥ ಶಿಶುವಿನ ಗಂಟಲಿನ ಪಕ್ಕಗಳಲ್ಲಿ ಮೊದಲು ಚೀಲಗಳಂತಹ ಗುಳಿಗಳು ಸಾಲಾಗಿ ಮೂಡುವುವು. ಅವುಗಳಲ್ಲಿ ಎರಡನೆಯ ಜೊತೆಯೇ ಟಾನ್ಸಿಲುಗಳ ಮೂಲ. ಅದರ ಒಳಪೊರೆಯು ಮೊಗ್ಗುಗಳಂತೆ ಸುತ್ತಣ ಅಂಗಾಂಶದೊಳಕ್ಕೆ ಬೆಳೆಯುವುದು. ಮೊಗ್ಗುಗಳ ನಡುಭಾಗವು ಕರಗಿ ಬಿಲಗಳಾಗುವುವು. ಐದನೆಯ ತಿಂಗಳ ಸುಮಾರಿಗೆ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಅಲ್ಲಿ ಗುಂಪುಗೂಡಿರುವುವು. ಜನನಾನಂತರ ಅನ್ನದೊಡನೆಯೂ ಗಾಳಿಯೊಡನೆಯೂ ಬರುವ ರೋಗಾಣುಗಳು ಬಿಲಗಳನ್ನು ಹೊಕ್ಕಾಗ, ಈ ಕಣಗಳು ಅವುಗಳ ಗುರುತು ಹಿಡಿದು ಪ್ರತಿಕಾಯಗಳನ್ನು ಸಿದ್ಧಪಡಿಸುವುವು. ಈ ಕೆಲಸವು ಬಾಲ್ಯದಲ್ಲಿ ಹೆಚ್ಚಾದುದರಿಂದ ನಾಲ್ಕರಿಂದ ಏಳು ವರ್ಷಗಳ ಮಕ್ಕಳಲ್ಲಿ ಟಾನ್ಸಿಲ್ ದೊಡ್ಡದಾಗಿರುವುದು ಸಹಜ. ಪ್ರಾಯಕ್ಕೆ ಬಂದ ಮೇಲೆ ಅದು ಕುಗ್ಗುತ್ತ ಬರುವುದು. ಆದುದರಿಂದ ಗಾತ್ರವೊಂದನ್ನೇ ನೋಡಿ ಹೆದರತಕ್ಕದ್ದಲ್ಲ.

ಹಾಗೆಂದು ಅಲಕ್ಷ್ಯವೂ ಸಲ್ಲದು. ಹಿಂದೊಮ್ಮೆ ಕೆಳ ತರಗತಿಯ ಬಾಲಕಿಯೊಬ್ಬಳು ಯಾವಾಗಲೂ ಬಾಯಿ ತೆರೆದುಕೊಂಡಿರುತ್ತಿದ್ದಳು. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಮಂದಬುದ್ಧಿಯೆಂದೆಣಿಸಿ ನಾನು ಅವಳನ್ನು ಗದರಿಸಿದೆನು. ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಾಳೆಂದು ಅವಳ ತಾಯಿ ಹೇಳಿದ ಮೇಲೆಯೇ ವೈದ್ಯರಿಗೆ ತೋರಿಸಲಾಯಿತು. ಬೆಳೆದ ಅಡಿನಾಯ್ಡು ಕಿವಿಯ ನಾಳವನ್ನು ಅಡ್ಡಗಟ್ಟಿ ಕಿವಿ ಮಂದವಾಗಿತ್ತು. ಚಿಕಿತ್ಸೆಯಾದ ನಂತರ ಅವಳು ಹಿಂದಿನ ಬೆಂಚಿನಿಂದಲೇ ಉತ್ತರ ಕೊಡುತ್ತಿದ್ದಳು. ಅಂದು ನಾನಾಡಿದ ಮಾತಿಗೆ ಇಂದಿಗೂ ನಾಚುತ್ತೇನೆ.

ಇನ್ನೊಂದು ಎಚ್ಚರಿಕೆ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದಾದ ಗಂಟಲು ಬೇನೆಗೆ ಸರಿಯಾದ ಚಿಕಿತ್ಸೆಯಾಗದಿದ್ದರೆ, ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ ಕೀಲುನೋವಿನ ಜ್ವರ ಬಂದು ಹೃದಯದ ಕವಾಟಗಳು ಶಾಶ್ವತವಾಗಿ ಕೆಡುವ ಸಂಭವವುಂಟು. ಐದರಿಂದ ಹದಿನೈದು ವರ್ಷದವರಲ್ಲಿ ಇದು ಹೆಚ್ಚು. ಜ್ವರ ಇಳಿಯಿತೆಂದು ವೈದ್ಯರು ಕೊಟ್ಟ ಔಷಧವನ್ನು ನಡುವೆಯೇ ನಿಲ್ಲಿಸಬಾರದು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಅಸಂಖ್ಯಾತ ಮಕ್ಕಳ ಟಾನ್ಸಿಲುಗಳನ್ನು ವಾಡಿಕೆಯಂತೆ ತೆಗೆದುಹಾಕುತ್ತಿದ್ದರು. ಈಗ ವೈದ್ಯರು ಹಾಗೆ ಅವಸರಪಡುವುದಿಲ್ಲ. ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ ತೀವ್ರವಾದ ಬೇನೆ ಬಂದಿದ್ದರೆ, ಇಲ್ಲವೆ ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ, ಶಸ್ತ್ರಚಿಕಿತ್ಸೆಯನ್ನು ಆಲೋಚಿಸುವರು.

ಇಂದು ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಮಗಳು ಪಾಠದಲ್ಲಿ ಹಿಂದೆ ಬಿದ್ದಳೆಂದು ಗದರಿಸುವ ಮೊದಲು, ಅವಳು ಮಲಗಿರುವಾಗ ಒಂದು ಕ್ಷಣ ಅವಳ ಉಸಿರಾಟವನ್ನು ಆಲಿಸಿರಿ.