ತೋಟದ ನಡುವಿನ ಗುಡಿ, ಅಟ್ಟದ ಮೇಲಿನ ಕೊಬ್ಬರಿ

ಜರ್ಮನಿಯ ರೈನ್ ನದಿಯ ಉದ್ದಕ್ಕೂ ಸುಮಾರು 65 ಕಿ.ಮೀ. ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಮೇಲಿನ ಹಳೆಯ ಕೋಟೆಗಳಿಗಷ್ಟೇ ಆ ಮನ್ನಣೆ ಸಿಗಲಿಲ್ಲ. ಕಡಿದಾದ ಇಳಿಜಾರಿಗೆ ಕಲ್ಲು ಕಟ್ಟಿ ಬೆಳೆಸಿದ ದ್ರಾಕ್ಷಿ ತೋಟ, ಅದನ್ನು ನಂಬಿದ ಊರು, ನದಿ ಎಲ್ಲವೂ ಒಟ್ಟಾಗಿ ಪಟ್ಟಿ ಸೇರಿದವು. ಅಲ್ಲಿನ ಬೆಳೆಗಾರರು ವರ್ಷದ ಕೆಲವು ತಿಂಗಳು ಮನೆಯಂಗಳದಲ್ಲೇ ತಮ್ಮ ವೈನ್ ಮಾರುತ್ತಾರೆ. ಹಾಗಾಗಿ ಕೋಟೆ ನೋಡಲು ಬಂದವರಿಗೆ ಕೃಷಿಯೂ ಕಣ್ಣಿಗೆ ಬೀಳುತ್ತದೆ.

ಆದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನೋಡುವ ತಾಣ, ಕೃಷಿ ಎರಡೂ ಬೇರೆಬೇರೆಯಾಗಿಬಿಟ್ಟಿವೆ. ಗುಡಿಗೆ ಬಂದವರು ಕೈಮುಗಿದು, ಫೋಟೊ ತೆಗೆದು ಹೊರಡುತ್ತಾರೆ. ಕೊಬ್ಬರಿಗೆ ಬಂದವರು ಮಾರುಕಟ್ಟೆಯಿಂದಲೇ ಹಿಂತಿರುಗುತ್ತಾರೆ. ಹೊಯ್ಸಳರ ಕಾಲದ ದತ್ತಿ ಶಾಸನಗಳಲ್ಲಿ ಕೆರೆಯ ಕೆಳಗಿನ ಭೂಮಿಯನ್ನು ದೇವರಿಗೆ ಬಿಟ್ಟ ಸಂಗತಿ ಮತ್ತೆ ಮತ್ತೆ ಬರುತ್ತದೆ. ಗುಡಿಯ ದೀಪಕ್ಕೂ ತೋಟದ ಬೇರಿಗೂ ಆಸರೆಯಾದದ್ದು ಕೆರೆ ನೀರು. ಈ ಸೀಮೆಗೆ ಬಂದವರು ಮೊದಲು ಏರಿಯ ಮೇಲೆ ನಿಂತು ನೋಡಬೇಕು ಎನ್ನುವುದು ಇದಕ್ಕೇ. ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟದ ಕೆರೆ, ತಿಪಟೂರು ತಾಲ್ಲೂಕಿನ ನೊಣವಿನಕೆರೆ ಇದಕ್ಕೆ ತಕ್ಕ ಜಾಗಗಳು. ಇಂದು ಈ ಭಾಗದ ಹಲವು ಕೆರೆಗಳು ಹೇಮಾವತಿ ನಾಲೆಯ ನೀರಿಗೂ ಕಾಯುತ್ತವೆ.

ಗುಡಿಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ. ಅಲ್ಲಿನ ಕಲ್ಲೇಶ್ವರ ದೇವಾಲಯ 9ನೇ ಶತಮಾನದ್ದು, ನೊಳಂಬರ ಶೈಲಿಯದು. ಒಳಗೆ ಹೋದವರು ತಲೆಯೆತ್ತಿ ನೋಡಬೇಕು. ಛತ್ತಿನ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಮಂಟಪದ ಮಬ್ಬಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತರೆ ಕೈಕಾಲುಗಳ ಬಾಗು, ಒಡವೆಯ ಕೆತ್ತನೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕರ್ನಾಟಕದ ಅತಿ ಚೆಲುವಾದ ಛತ್ತುಗಳ ಸಾಲಿಗೆ ಇದನ್ನು ಹಿಂಜರಿಯದೆ ಸೇರಿಸಬಹುದು. ಅದೇ ಊರಿನಲ್ಲಿ 13ನೇ ಶತಮಾನದ ಹೊಯ್ಸಳ ಚೆನ್ನಕೇಶವ ಗುಡಿಯೂ ಇದೆ. ನಾಲ್ಕು ಶತಮಾನದಲ್ಲಿ ಶಿಲ್ಪಿಯ ಕೈ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಒಂದೇ ಊರಿನಲ್ಲಿ ಕಾಣಬಹುದು. ನೊಳಂಬರ ಗುಡಿಯ ಹೊರಮೈ ಸಾದಾ. ಹೊಯ್ಸಳರದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲಾದ್ದರಿಂದ ಹೊರಗೋಡೆಯ ತುಂಬ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು.

ಇದೇ ಸೀಮೆಯ ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ ಮೂರು ಗರ್ಭಗುಡಿಗಳ ತ್ರಿಕೂಟ. ಮೂರನೇ ನರಸಿಂಹನ ಕಾಲದಲ್ಲಿ, 1286ರಲ್ಲಿ ಕಟ್ಟಿದ್ದು. ತುರುವೇಕೆರೆ ಪಟ್ಟಣದಲ್ಲೇ ಚೆನ್ನಕೇಶವ, ಮೂಲೆ ಶಂಕರೇಶ್ವರ, ಗಂಗಾಧರೇಶ್ವರ ಗುಡಿಗಳಿವೆ. ಚಿಕ್ಕನಾಯಕನಹಳ್ಳಿಯ ಕಡೆ ಹೋದವರು ತೀರ್ಥಪುರವನ್ನು ನೆನೆಯಬೇಕು. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ಊರು ಅದು.

ಇನ್ನು ತೋಟದ ಮನೆಯ ಅಟ್ಟ. ಇಲ್ಲಿಯ ರೈತರಲ್ಲಿ ಬಹಳಷ್ಟು ಮಂದಿ ಬಲಿತ ತೆಂಗಿನಕಾಯಿಯನ್ನು ಹಸಿಯಾಗಿ ಮಾರುವುದಿಲ್ಲ, ಸಿಪ್ಪೆಸಮೇತ ಅಟ್ಟಕ್ಕೆ ಏರಿಸುತ್ತಾರೆ. ಎಂಟು-ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷ ಕಾಯಿ ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದಾಗಬೇಕು, ಆಗ ಕಾಯಿ ತಯಾರು ಎಂದು ಅರ್ಥ. ಬಿಸಿಲಿಗೆ ಹೋಳು ಮಾಡಿ ಒಣಗಿಸಿದ ಕೊಬ್ಬರಿ ಗಾಣಕ್ಕೆ ಹೋಗುತ್ತದೆ, ಹೀಗೆ ಅಟ್ಟದಲ್ಲಿ ಇಡಿಯಾಗಿ ಒಣಗಿದ ಉಂಡೆ ಕೊಬ್ಬರಿ ಮಾತ್ರ ಅಡುಗೆಗೆ, ಸಿಹಿತಿಂಡಿಗೆ, ಪೂಜೆಗೆ. ಉತ್ತರ ಭಾರತದಲ್ಲಿ ಅದಕ್ಕೆ ದೊಡ್ಡ ಬೇಡಿಕೆ. ಸಿಪ್ಪೆ ಸುಲಿಯುವುದು ಒಂದು ಕೆಲಸ. ಒಳಗಿನ ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಒಡೆಯುವುದು ಅದಕ್ಕಿಂತ ನಾಜೂಕಿನ ಕೆಲಸ. ಒಡೆದ ಉಂಡೆಗೆ ಬೆಲೆ ಕಡಿಮೆ, ಆದ್ದರಿಂದ ಇಡೀ ವರ್ಷದ ಕಾಯುವಿಕೆಯ ಫಲ ಆ ಏಟಿನ ಅಂದಾಜಿನ ಮೇಲೆ ನಿಂತಿರುತ್ತದೆ. ಗುಡಿಯ ಗೋಡೆಯ ಮುಂದೆ ನಿಂತಷ್ಟೇ ಹೊತ್ತು ಈ ಕೈಗಳ ಮುಂದೆಯೂ ನಿಲ್ಲಬೇಕು.

ಅಟ್ಟಕ್ಕೆ ಹಾಕುವ ದಿನ, ಇಳಿಸುವ ದಿನದ ಬೆಲೆ ಯಾರಿಗೂ ಗೊತ್ತಿರುವುದಿಲ್ಲ. 2023ರಲ್ಲಿ ತಿಪಟೂರು ಎಪಿಎಂಸಿಯ ಹರಾಜಿನಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ತೀರ ಕೆಳಗೆ ಕುಸಿದಿತ್ತು. ರೈತರು ಬೀದಿಗಿಳಿದರು. 2025ರ ಹಂಗಾಮಿಗೆ ಬೆಂಬಲ ಬೆಲೆ 12,100 ರೂಪಾಯಿ ಇತ್ತು. ಆ ವರ್ಷ ಮಾರುಕಟ್ಟೆಯ ದರ ಅದರ ಎರಡು ಪಟ್ಟನ್ನೂ ದಾಟಿತು. ಕಡಿಮೆ ಇಳುವರಿಯ ವರ್ಷದಲ್ಲಿ ಏರಿದ ಬೆಲೆಯ ಲಾಭ ಅಟ್ಟ ತುಂಬಿದ್ದವರಿಗೆ ಸಿಕ್ಕಿತು. ಸಾಲದ ಒತ್ತಡಕ್ಕೆ ಕಾಯಿಯನ್ನು ಮೊದಲೇ ಮಾರಿಕೊಂಡಿದ್ದ ಸಣ್ಣ ಹಿಡುವಳಿಯವರಿಗೆ ಅದು ದಕ್ಕಲಿಲ್ಲ.